ನೆಲಕ್ಕೆ ಎಷ್ಟು ಹತ್ತಿರ

ಕಾರೊಂದು ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ಇತ್ಯರ್ಥವಾಗಿಬಿಡುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅದು ಕಳೆದ ವರ್ಷದ ಮಳೆಗಾಲದಲ್ಲಿ ಎದ್ದು ಈ ವರ್ಷದ ಸಂಕ್ರಾಂತಿಯವರೆಗೆ ಊಟದ ಹೊತ್ತಿನ ಮಾತಾಗಿ ಉಳಿಯಿತು. ನಾವು ಎಂದರೆ ಅಕ್ಕ ಮತ್ತು ತಮ್ಮ. ಈ ಲೇಖನವನ್ನು ಇಬ್ಬರೂ ಸೇರಿಯೇ ಬರೆದಿದ್ದೇವೆ. ಒಬ್ಬರು ಬರೆದ ವಾಕ್ಯವನ್ನು ಇನ್ನೊಬ್ಬರು ಹೊಡೆದುಹಾಕಿದ್ದೂ ಉಂಟು. ಹುಟ್ಟಿ ಬೆಳೆದದ್ದು ಮುಂಬಯಿಯ ಚೆಂಬೂರಿನಲ್ಲಿ. ಈಗ ಅಪ್ಪ, ಅವ್ವ, ಕಾರು ಮತ್ತು ನಾವು, ಎಲ್ಲರೂ ಪುಣೆಯಲ್ಲಿದ್ದೇವೆ.

ಕಾರು 1970ರ ಫಿಯೆಟ್ 1100 ಡಿಲೈಟ್. ಅಪ್ಪ ಅದನ್ನು 1976ರಲ್ಲಿ ಎರಡನೆಯ ಕೈಯಿಂದ ಕೊಂಡರು. ಹೊಸ ಕಾರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಬಣ್ಣ ಆಗಲೇ ಮಾಸಿದ ನೀಲಿ, ಈಗಲೂ ಮಾಸಿದ ನೀಲಿಯೇ. ಅಕ್ಕನ ಮಗ, ಪುಣೆಯ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿರುವ ಇಪ್ಪತ್ತಾರರ ಹುಡುಗ, ಒಂದು ಭಾನುವಾರ ತನ್ನ ಅಜ್ಜನೆದುರು ಮೊಬೈಲನ್ನು ಹಿಡಿದ. ಅದರಲ್ಲಿ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದಂತಿದ್ದ ಹಳೆಯ ಅಮೆರಿಕನ್ ಕಾರುಗಳ ಚಿತ್ರಗಳಿದ್ದವು. ಹಾಗೆಯೇ ತಗ್ಗಿಸಿದ ಒಂದೆರಡು ಪದ್ಮಿನಿಗಳೂ ಇದ್ದವು.

"ಅಜ್ಜಾ, ನಮ್ಮ ಗಾಡಿನೂ ಒಂದ್ ಮೂರ್ ಇಂಚ್ ಕೆಳಗ ಇಳಸೋಣಾ?"

"ಯಾಕ, ಅದೇನ್ ಮ್ಯಾಲ ಏರಿ ಕುಂತೈತೇನು?"

ಅಪ್ಪನ ಈ ಉತ್ತರ ನಿರಾಕರಣೆಯೋ ಪ್ರಶ್ನೆಯೋ ಎಂಬುದು ನಮಗೆ ಆಗ ತಿಳಿಯಲಿಲ್ಲ. ಅವರಿಗೀಗ ಎಂಬತ್ತಮೂರು. ಎಡಗಾಲಿನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಈ ಕಾರಿನ ವಿಷಯದಲ್ಲಿ ಅವರ ಮಾತು ಎಂದೂ ನೇರವಾಗಿರುವುದಿಲ್ಲ.

ಹುಡುಗನ ಬಯಕೆಯನ್ನು ಹುಡುಗಾಟವೆಂದು ತಳ್ಳಿಹಾಕುವುದು ಸುಲಭವಿತ್ತು. ಆದರೆ ನಮ್ಮ ಮನೆಯಲ್ಲಿ ಊರಿನ ಕಡೆಯಿಂದ ಬಂದು ಉಳಿದಿರುವ ವಸ್ತುಗಳು ಎಣಿಸಿದರೆ ಹತ್ತೂ ಆಗಲಾರವು. ಹುಡುಗ ಕನ್ನಡ ಮಾತನಾಡುತ್ತಾನೆ, ಓದಲಾರ. ನಮ್ಮ ಪುಸ್ತಕದ ಕಪಾಟು ಅವನ ಪಾಲಿಗೆ ಮುಚ್ಚಿದ ಬಾಗಿಲು. ಅಜ್ಜನಿಂದ ಅವನು ಕೇಳಿ ಪಡೆಯಬಯಸಿದ ಮೊದಲ ವಸ್ತು ಈ ಕಾರು. ಪಡೆದುಕೊಂಡದ್ದನ್ನು ತನ್ನಂತೆ ಮಾಡಿಕೊಳ್ಳಬೇಕೆಂಬುದು ಅವನ ಹಟ; ಇದ್ದಂತೆಯೇ ಇರಲಿ ಎಂಬುದು ನಮ್ಮದು. ಅಪ್ಪ ಯಾವ ಪಕ್ಷದಲ್ಲಿದ್ದರೆಂಬುದು ಕೊನೆಯವರೆಗೂ ಸ್ಪಷ್ಟವಾಗಲಿಲ್ಲ.

ಫಿಯೆಟ್ ಎಂದರೆ ಮುಂಬಯಿಯ ಕನ್ನಡಿಗರಿಗೆ ವಿವರಣೆ ಬೇಡ. ಇಟಲಿಯ ಈ ವಿನ್ಯಾಸ 1964ರಿಂದ ನಮ್ಮ ಕುರ್ಲಾದಲ್ಲಿ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎನಿಸಿಕೊಂಡು, ಅನಂತರ ಚಿತ್ತೂರಿನ ರಾಣಿಯ ಹೆಸರು ಹೊತ್ತು ಪದ್ಮಿನಿಯಾಯಿತು. ಅದಕ್ಕೂ ಹಿಂದಿನ, ಐವತ್ತರ ದಶಕದ ದುಂಡುಮೈಯ ಫಿಯೆಟ್ಟಿಗೆ ಮುಂಬಯಿಯ ಜನ 'ಡುಕ್ಕರ್ ಫಿಯೆಟ್' ಎಂದು ಹಂದಿಯ ಹೆಸರನ್ನೇ ಇಟ್ಟಿದ್ದರು. ಅದರೆದುರು ಪದ್ಮಿನಿ ಎಂಬುದು ದೊಡ್ಡ ಬಡ್ತಿಯೇ ಸರಿ. 1089 ಸಿಸಿ ಎಂಜಿನ್, ಸ್ಟಿಯರಿಂಗಿನ ಕಂಬಕ್ಕೇ ಅಂಟಿಕೊಂಡ ಗೇರು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಇಡೀ ನಗರವನ್ನು ಹೊತ್ತ ಈ ಕಾರಿನ ಕೊನೆಯ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು; ಇಪ್ಪತ್ತು ವರ್ಷಗಳ ಅವಧಿ ತೀರಿ, 2023ರ ಅಕ್ಟೋಬರ್ 30ರಿಂದ ಮುಂಬಯಿಯ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲವಾಯಿತು. ಆ ಸುದ್ದಿ ಬಂದ ದಿನ ಅಪ್ಪ ಪತ್ರಿಕೆಯನ್ನು ಮಡಿಸಿಟ್ಟು ಕೆಳಗೆ ಹೋಗಿ ಕಾರಿನ ಬ್ಯಾಟರಿ ನೋಡಿ ಬಂದರು.

ಇನ್ನು ಹಾಟ್ ರಾಡ್. ಹುಡುಗನ ಕಾಟದಿಂದ ನಾವೂ ಓದಬೇಕಾಗಿ ಬಂದ ವಿಷಯವಿದು; ಓದಿದ ಮೇಲೆ ಅದರ ಬಗ್ಗೆ ಗೌರವ ಹುಟ್ಟಿದ್ದೂ ನಿಜ. ಅದು ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, 1930ರ ದಶಕದಲ್ಲಿ. ಲಾಸ್ ಏಂಜಲೀಸಿನ ಆಚೆ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಬತ್ತಿದ ಕೆರೆಗಳಿವೆ. ಕೆರೆಯಂಗಳ ಬಿಸಿಲಿಗೆ ಒಣಗಿ ಹಲಗೆಯಂತಾದಾಗ ಅಲ್ಲಿನ ಯುವಕರು ಅಗ್ಗದ ಹಳೆಯ ಫೋರ್ಡುಗಳನ್ನು ತಂದು ವೇಗ ಪರೀಕ್ಷಿಸುತ್ತಿದ್ದರು. ಈ ಓಟಗಳಿಗೆ ಒಂದು ಶಿಸ್ತು ತರಲು 1937ರಲ್ಲಿ ಅವರವರೇ ಕ್ಲಬ್ಬುಗಳನ್ನು ಕೂಡಿಸಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ವಿ-8 ಎಂಜಿನ್ನನ್ನು ಸಾಮಾನ್ಯರ ಕೈಗೆಟುಕುವ ಬೆಲೆಗೆ ತಂದ 1932ರ ಫೋರ್ಡ್ ಇವರ ಪಾಲಿನ ಕಾಮಧೇನು. ಮಡ್‌ಗಾರ್ಡ್ ಕಿತ್ತರು, ಬಂಪರ್ ಕಿತ್ತರು, ತೂಕವೆಂದು ತೋರಿದ್ದನ್ನೆಲ್ಲ ಕಿತ್ತರು. 1948ರ ಜನವರಿಯಲ್ಲಿ 'ಹಾಟ್ ರಾಡ್' ಎಂಬ ಹೆಸರಿನ ಪತ್ರಿಕೆಯೇ ಹೊರಟಿತು.

ಕಾರನ್ನು ತಗ್ಗಿಸಿದ್ದು ಮೊದಲಿಗೆ ಚೆಂದಕ್ಕಲ್ಲ. ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ಕಾರು ಸ್ಥಿರ. ಅಡಿಯಲ್ಲಿ ನುಗ್ಗುವ ಗಾಳಿಯೂ ಕಡಿಮೆ. ಆ ಕಾಲದ ಫೋರ್ಡಿನ ಮುಂಭಾಗದಲ್ಲಿ ಎರಡು ಚಕ್ರಗಳನ್ನೂ ಕೂಡಿಸುವ ಒಂದೇ ಕಬ್ಬಿಣದ ತೊಲೆಯಂತಹ ಅಚ್ಚು, ಅದರ ಮೇಲೆ ಅಡ್ಡಲಾಗಿ ಒಂದೇ ಕಮಾನು ಪಟ್ಟಿಗಳ ಕಟ್ಟು ಇರುತ್ತಿತ್ತು. ಕುಶಲ ಕೆಲಸಗಾರರು ಅಚ್ಚಿನ ಎರಡು ತುದಿಗಳನ್ನು ಕೆಂಪಗೆ ಕಾಯಿಸಿ, ಎಳೆದು, ಮೇಲಕ್ಕೆ ಬಾಗಿಸುತ್ತಿದ್ದರು. ಚಕ್ರಗಳು ಇದ್ದಲ್ಲೇ ಇರುತ್ತಿದ್ದವು, ನಡುವಿನ ಅಚ್ಚು ತಗ್ಗಿ, ಅದರ ಮೇಲೆ ಕುಳಿತ ಕಾರೂ ತಗ್ಗುತ್ತಿತ್ತು. ಸ್ಪ್ರಿಂಗಿನ ಮೃದುತ್ವಕ್ಕೆ ಎಳ್ಳಷ್ಟೂ ಊನವಿಲ್ಲ. ನಮ್ಮೂರ ಕಮ್ಮಾರರು ಕಂಡಿದ್ದರೆ ತಲೆದೂಗುತ್ತಿದ್ದ ಕೆಲಸ. ಇನ್ನು ಕೆಲವರು ಚಾಸಿಯನ್ನೇ ಕತ್ತರಿಸಿ ಮೆಟ್ಟಿಲಿನಂತೆ ಮಡಿಸಿ ಬೆಸೆದರು. ಕ್ರಮೇಣ ವೇಗ ಹಿಂದಕ್ಕೆ ಸರಿದು ನೋಟವೇ ಮುಂದಾಯಿತು. ಮುಂದೆ ಸಣ್ಣ ಟಯರು, ಹಿಂದೆ ದಪ್ಪ ಟಯರು, ಮೂಗು ಕೆಳಗೆ, ಬಾಲ ಮೇಲೆ: ಗೂಳಿ ಹಾಯಲು ಬಂದಂತಹ ಆ ನಿಲುವನ್ನೇ ಇಂದು ಜಗತ್ತು ಹಾಟ್ ರಾಡ್ ಎಂದು ಗುರುತಿಸುತ್ತದೆ.

ಅದೇ ಲಾಸ್ ಏಂಜಲೀಸಿನ ಇನ್ನೊಂದು ಮಗ್ಗುಲಲ್ಲಿ ಮೆಕ್ಸಿಕನ್ ಮೂಲದ ಯುವಕರೂ ಕಾರುಗಳನ್ನು ತಗ್ಗಿಸುತ್ತಿದ್ದರು. ಅವರದು ವೇಗದ ಹಂಬಲವಲ್ಲ. ತಗ್ಗಿ, ನಿಧಾನವಾಗಿ, ಎಲ್ಲರ ಕಣ್ಣಿಗೆ ಬೀಳುವಂತೆ ಸಾಗುವ ಠೀವಿ. ಸ್ಪ್ರಿಂಗ್ ಕತ್ತರಿಸುವುದರ ಜೊತೆಗೆ ಡಿಕ್ಕಿಯಲ್ಲಿ ಮರಳಿನ ಚೀಲ, ಸಿಮೆಂಟಿನ ಚೀಲ ಹೇರಿ ಕಾರನ್ನು ಕುಗ್ಗಿಸುತ್ತಿದ್ದರಂತೆ. 1958ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾನೂನೊಂದು ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಇರಕೂಡದೆಂದು ವಿಧಿಸಿತು. ಅದಕ್ಕೆ ಉತ್ತರವಾಗಿ ರಾನ್ ಅಗಿರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿದ. ಪೊಲೀಸರು ಕಂಡರೆ ಕಾರು ಮೇಲೇಳುತ್ತಿತ್ತು, ಅವರು ಹೋದರೆ ಇಳಿಯುತ್ತಿತ್ತು. ತಗ್ಗಿಸಿದ ಕಾರುಗಳ ಮೇಲಿನ ಆ ನಿರ್ಬಂಧ ರಾಜ್ಯದಾದ್ಯಂತ ತೆರವಾದದ್ದು 2024ರ ಜನವರಿ 1ರಂದು, ಅಂದರೆ ಮೊನ್ನೆ ಮೊನ್ನೆ. ಮರಳು ಚೀಲದ ಸಂಗತಿಯನ್ನು ಹುಡುಗ ಓದಿ ಹೇಳಿದಾಗ ಅಪ್ಪ ಮೊದಲ ಬಾರಿಗೆ ಆಸಕ್ತಿಯಿಂದ ತಲೆಯೆತ್ತಿದರು. "ಚೀಲಾ ಹಾಕಿದ್ರ ಇಳದ ಇಳೀತೈತಿ. ಅದಕ್ಕ ಅಮೇರಿಕಾಕ್ಕ ಯಾಕ ಹೋಗಬೇಕು?" ಎಂದರು. ಆ ಮಾತಿನ ಹಿಂದೆ ಇದ್ದುದು ನಮಗೆ ತಿಳಿದದ್ದು ತಿಂಗಳುಗಳ ನಂತರ.

ಗ್ಯಾರೇಜುಗಳ ಸುತ್ತಾಟ ಶುರುವಾಯಿತು. ಫಿಯೆಟ್ಟಿನ ಮೈಕಟ್ಟು ಫೋರ್ಡಿನದಲ್ಲ. ಮುಂದಿನ ಎರಡು ಚಕ್ರಗಳೂ ಸ್ವತಂತ್ರ; ಪ್ರತಿಯೊಂದನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ, ನಡುವೆ ಸುರುಳಿ ಸ್ಪ್ರಿಂಗ್. ಹಿಂದೆ ಮಾತ್ರ ಲಾರಿಯಂತೆ ಇಡಿಯಾದ ಅಚ್ಚು ಮತ್ತು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು. ಇಲ್ಲಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಕಮಾನ್ ಪಾಟಾ. ಒಂದು ಗ್ಯಾರೇಜಿನವರು ಗ್ಯಾಸ್ ಬೆಂಕಿಯಿಂದ ಮುಂದಿನ ಸುರುಳಿಗಳನ್ನು ಕಾಯಿಸಿ ಕೂರಿಸಿಬಿಡುತ್ತೇವೆ, ಮಧ್ಯಾಹ್ನದೊಳಗೆ ಗಾಡಿ ಒಯ್ಯಿರಿ ಎಂದರು. ಹುಡುಗ ಅಲ್ಲಿಂದ ಎದ್ದು ಬಂದ. ಸ್ಪ್ರಿಂಗಿನ ಜೀವವಿರುವುದು ಉಕ್ಕಿಗೆ ಕೊಟ್ಟ ಹದದಲ್ಲಿ. ಬೆಂಕಿ ತಾಗಿದಲ್ಲಿ ಆ ಹದ ಹೋಗುತ್ತದೆ. ಮುಂದೊಂದು ದಿನ ಅದು ಇನ್ನಷ್ಟು ಕುಸಿಯಬಹುದು, ಮುರಿಯಲೂಬಹುದು.

ಒಂದು ಸುರುಳಿ ಕತ್ತರಿಸಿದರೆ ಹೇಗೆ ಎಂದು ನಾವೇ ಕೇಳಿದೆವು. ಅದಕ್ಕೆ ಅವನು ಊಟದ ಮೇಜಿನ ಮೇಲೆಯೇ ಪಾಠ ಮಾಡಿದ. ಸುರುಳಿ ಸ್ಪ್ರಿಂಗಿನ ಮೇಲೆ ಭಾರ ಬಿದ್ದಾಗ ಪ್ರತಿ ಸುತ್ತೂ ಅಷ್ಟಷ್ಟು ತಿರುಚಿಕೊಂಡು ಆ ಭಾರವನ್ನು ನುಂಗುತ್ತದೆ. ಸುತ್ತುಗಳು ಕಡಿಮೆಯಾದರೆ ನುಂಗುವ ಬಾಯಿಗಳೂ ಕಡಿಮೆ. ಸ್ಪ್ರಿಂಗ್ ಗಿಡ್ಡವಾಗುವುದರೊಡನೆ ಬಿರುಸೂ ಆಗುತ್ತದೆ. ಇಷ್ಟಾದರೂ ಒಳ್ಳೆಯದೇ ಅನ್ನಿ, ಏಕೆಂದರೆ ತಗ್ಗಿಸಿದ ಕಾರಿಗೆ ಕುಣಿಯಲು ಜಾಗ ಕಡಿಮೆ. ಬಿರುಸು ಹೆಚ್ಚಿಸದೆ ಎತ್ತರವನ್ನಷ್ಟೇ ಇಳಿಸಿದರೆ ಪ್ರತಿ ಗುಂಡಿಗೂ ಅಚ್ಚು ಹೋಗಿ ರಬ್ಬರಿನ ತಡೆಗೆ ಗುದ್ದುತ್ತದೆ. ಇದರ ಜೊತೆಗೆ ಚಕ್ರ ಹಿಡಿದ ಮೇಲಿನ ತೋಳು ಗಿಡ್ಡ, ಕೆಳಗಿನದು ಉದ್ದ. ಕಾರು ಕೆಳಗಿಳಿದಂತೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟಯರಿನ ಒಳ ಅಂಚು ಮಾತ್ರ ಸವೆಯುತ್ತದೆ. ಸ್ಟಿಯರಿಂಗಿನ ಸರಳುಗಳ ಕೋನ ಬದಲಾಗಿ, ಗುಂಡಿ ದಾಟುವಾಗ ಹಿಡಿದ ಚಕ್ರ ತಾನೇ ಅತ್ತಿತ್ತ ಎಳೆಯುತ್ತದೆ. ಹಿಂದುಗಡೆ ಅಚ್ಚಿಗೂ ಕಮಾನಿಗೂ ನಡುವೆ ಲೋಹದ ದಿಮ್ಮಿಯಿಟ್ಟು ತಗ್ಗಿಸುವುದುಂಟು. ಪಟ್ಟಿಗಳಲ್ಲಿ ಒಂದೆರಡನ್ನು ಕಿತ್ತೂ ತಗ್ಗಿಸುವುದುಂಟು. ಕಿತ್ತರೆ ಕಮಾನಿನ ಬಲ ಕುಂದಿ ಭಾರ ಹೊರುವ ಶಕ್ತಿ ಹೋಗುತ್ತದೆ. ಒಟ್ಟಿನಲ್ಲಿ ಚಿತ್ರದಲ್ಲಿ ಕಾಣುವುದು ಮೂರು ಇಂಚು. ಆ ಮೂರು ಇಂಚಿಗೆ ಕಾರಿನ ಅಡಿಯಲ್ಲಿ ಸರಿಪಡಿಸಬೇಕಾದುದು ಮೂವತ್ತು.

ಇದನ್ನೆಲ್ಲ ಕೇಳುತ್ತ ರೊಟ್ಟಿ ಬಡಿಯುತ್ತಿದ್ದ ಅವ್ವ ತನ್ನ ಲೆಕ್ಕ ಹೇಳಿದಳು. "ಈಗರ ಅದರಾಗ ಕುಂಡ್ರಬೇಕಾದ್ರ ನಿಮ್ಮಪ್ಪಗ ಎರಡ ಮಂದಿ ಬೇಕು. ಇನ್ನ ಮೂರ ಇಂಚ ಇಳಸಿದ್ರ ಮೊದಲ ನೆಲದ ಮ್ಯಾಲ ಕುಂತು ಆಮ್ಯಾಲ ಒಳಗ ಹೊಳ್ಳಬೇಕಾಕ್ಕೈತಿ." ಎಂಜಿನಿಯರಿಂಗಿನ ಯಾವ ಪುಸ್ತಕದಲ್ಲೂ ಇಲ್ಲದ ಆಕ್ಷೇಪಣೆ, ಹುಡುಗನಿಗೆ ಉತ್ತರ ತೋಚಲಿಲ್ಲ.

ಕಾನೂನಿನದೂ ಒಂದು ಅಧ್ಯಾಯ. ನೋಂದಣಿ ಪತ್ರದಲ್ಲಿ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿತು. ಚಾಸಿ, ಮೈ, ಎಂಜಿನ್ ಇವು ಮೂಲ ರೂಪದಲ್ಲಿರಬೇಕು; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಮ್ಮ ಕಾರಿಗೆ ವಯಸ್ಸಿನ ಅರ್ಹತೆ ಇತ್ತು. (ಹಳೆಯ ಕಾರುಗಳ ಜಾಗತಿಕ ಪಂಡಿತರ ಪ್ರಕಾರ ವಿಂಟೇಜ್ ಎಂದರೆ 1919ರಿಂದ 1930ರವರೆಗಿನವು, ಅವರ ಪಂಕ್ತಿಯಲ್ಲಿ ನಮ್ಮ ಫಿಯೆಟ್ ಇನ್ನೂ ಕೂಸು.) ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ ಮುಂತಾದವಕ್ಕಷ್ಟೇ. ಅಪ್ಪ ಒಂದೇ ಮಾತಿನಲ್ಲಿ ಆ ದಾರಿಯನ್ನು ಮುಚ್ಚಿದರು. ಡಾಕ್ಟರ ಬಳಿಗೆ ಹೋಗಲು, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಲು ಆಗದ ಗಾಡಿಯನ್ನು ಇಟ್ಟುಕೊಂಡು ಪೂಜೆ ಮಾಡುವುದೇ ಎಂದರು.

ನಿಜವಾದ ತಿರುವು ಬಂದದ್ದು ಅಳತೆಪಟ್ಟಿಯಿಂದ. ಏನನ್ನು ಇಳಿಸುವ ಮೊದಲೂ ಈಗಿನ ಎತ್ತರ ತಿಳಿದಿರಬೇಕೆಂದು ಹುಡುಗ ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದ. ಪರಿಚಯದವರೊಬ್ಬರ ಬಳಿ, ಯಾರೂ ಕೈಹಚ್ಚದೆ ಉಳಿದ ಅದೇ ಕಾಲದ ಫಿಯೆಟ್ ಇತ್ತು; ಅದನ್ನೂ ಅಳೆದು ಬಂದ. ನಮ್ಮದು ಹಿಂದೆ ಒಂದೂಕಾಲು ಇಂಚು, ಮುಂದೆ ಅರ್ಧ ಇಂಚು ಹೆಚ್ಚು ಎತ್ತರವಿತ್ತು. ಹಳೆಯ ಕಾರು ವಯಸ್ಸಿಗೆ ಕುಸಿಯುತ್ತದೆಯೇ ಹೊರತು ಏರುವುದಿಲ್ಲ. ಟಾರ್ಚು ಹಿಡಿದು ಕೆಳಗೆ ತೂರಿ ನೋಡಿದಾಗ ಹಿಂದಿನ ಎರಡೂ ಕಮಾನುಗಳಲ್ಲಿ ಉಳಿದವಕ್ಕಿಂತ ದಪ್ಪನೆಯ, ಬೇರೆಯದೇ ಅಂಚಿನ ಒಂದೊಂದು ಪಟ್ಟಿ ಕಂಡಿತು. ಮುಂದಿನ ಸುರುಳಿಗಳ ತಲೆಗೆ ಕಲ್ಲಿನಂತೆ ಗಟ್ಟಿಯಾದ ರಬ್ಬರಿನ ಪ್ಯಾಕಿಂಗ್ ಇತ್ತು.

"ಅಜ್ಜಾ, ಈ ಪಾಟಾ ಕಂಪನೀದಲ್ಲ. ಯಾರ್ ಹಾಕ್ಯಾರ?"

"ನಾನ ಹಾಕ್ಸೀನಿ," ಎಂದರು ಅಪ್ಪ. "ಕೊಲ್ಹಾಪುರದಾಗ."

ಅದು 1979ರ ಮಾತು. ನಮ್ಮೂರು ನವಲಗುಂದದ ಆಚೆ, ಎರೆಭೂಮಿಯ ನಡುವೆ. ಮುಂಬಯಿಯಿಂದ ಧಾರವಾಡಕ್ಕೆ ಸುಮಾರು 550 ಕಿಲೋಮೀಟರ್. ಎಕ್ಸ್‌ಪ್ರೆಸ್ ಹೆದ್ದಾರಿಯಿಲ್ಲದ ಆ ದಿನಗಳಲ್ಲಿ ಖಂಡಾಳಾ ಘಾಟು, ಕಾತ್ರಜ, ಖಂಬಾಟಕಿ ಒಂದೊಂದನ್ನೂ ಏರಿ, ಎಂಜಿನ್ ಕಾದು, ಬಾನೆಟ್ ತೆರೆದು ನೀರು ಹಾಕಿ ಸಾಗಬೇಕು. ಅಪ್ಪನ ಪಾಲಿಗೆ ಬಂದ ಹೊಲವನ್ನು ದೊಡ್ಡಪ್ಪ ನೋಡಿಕೊಳ್ಳುತ್ತಿದ್ದರು. ಹಿಂಗಾರಿಯ ಬಿಳಿಜೋಳ ಕೊಯ್ದು ರಾಶಿಯಾದ ಮೇಲೆ, ಯುಗಾದಿಯ ಹೊತ್ತಿಗೆ, ನಾವು ಹೋಗುತ್ತಿದ್ದೆವು. ಮರಳುವಾಗ ಡಿಕ್ಕಿಯಲ್ಲಿ ಐವತ್ತೈವತ್ತು ಕಿಲೋದ ಎರಡು ಚೀಲ ಜೋಳ, ಕುಸುಬಿ ಎಣ್ಣೆಯ ಡಬ್ಬಿ, ಕಡಲೆ. ಹಿಂದಿನ ಸೀಟಿನಲ್ಲಿ ಅವ್ವ, ನಾವಿಬ್ಬರು ಮತ್ತು ನಮ್ಮ ಕಾಲಡಿಯಲ್ಲಿ ಉಳಿದದ್ದೆಲ್ಲ. ವರ್ಷವಿಡೀ ಚೆಂಬೂರಿನಲ್ಲಿ ನಾವು ತಿಂದ ರೊಟ್ಟಿಯಲ್ಲಿ ಬಹುಪಾಲು ಆ ಡಿಕ್ಕಿಯಲ್ಲಿ ಬಂದದ್ದು.

ಎರೆಮಣ್ಣಿನ ದಾರಿಯನ್ನು ಕಂಡವರೇ ಬಲ್ಲರು. ಮಳೆಯಾದರೆ ಅಂಟು, ಬೇಸಿಗೆಯಲ್ಲಿ ಬಿರುಕು. ಮಳೆಗಾಲದಲ್ಲಿ ಚಕ್ಕಡಿಗಳು ತುಳಿದ ಜಾಡು ಒಣಗಿ ಎರಡು ಕಾಲುವೆಗಳಾಗುತ್ತವೆ; ನಡುವೆ ಎದ್ದ ದಿಣ್ಣೆ ಇಟ್ಟಿಗೆಯಷ್ಟು ಗಟ್ಟಿ. ಎತ್ತಿನ ಚಕ್ಕಡಿಯ ಹೊಟ್ಟೆ ಎತ್ತರ, ಅದಕ್ಕೆ ದಿಣ್ಣೆಯ ಪರಿವೆಯಿಲ್ಲ. ಫಿಯೆಟ್ಟಿಗೆ ಹಾಗಲ್ಲ. ಆ ವರ್ಷ ಜೋಳದ ಭಾರಕ್ಕೆ ಹಿಂದಿನ ಕಮಾನುಗಳು ಚಪ್ಪಟೆಯಾಗಿ, ಊರು ದಾಟುವಷ್ಟರಲ್ಲಿ ದಿಣ್ಣೆಗೆ ಸಿಕ್ಕ ಸೈಲೆನ್ಸರ್ ಕಿತ್ತು ಬಂದಿತು. ಅಪ್ಪ ಅದನ್ನು ಎತ್ತಿ ಅವ್ವನ ಕಾಲಬಳಿ ಇಟ್ಟರು. ಧಾರವಾಡದ ಪೇಟೆಯೊಳಗೆ ನಮ್ಮ ಕಾರು ಟ್ರ್ಯಾಕ್ಟರಿನಂತೆ ಗುಡುಗುತ್ತ ಹೋದಾಗ ಜನ ಅಂಗಡಿಯಿಂದ ಹೊರಬಂದು ನೋಡಿದ್ದು ನಮ್ಮಲ್ಲಿ ಹಿರಿಯಳಿಗೆ ಚೆನ್ನಾಗಿ ನೆನಪಿದೆ. ಕಿರಿಯವನಿಗೆ ನೆನಪಿರುವುದು ಆ ದಿನ ಸಿಕ್ಕ ಪೇಡೆ ಮಾತ್ರ. ಸೈಲೆನ್ಸರನ್ನು ಧಾರವಾಡದಲ್ಲಿ ಬೆಸೆಸಿದ್ದಾಯಿತು. ಕೊಲ್ಹಾಪುರದಲ್ಲಿ ಹೆದ್ದಾರಿಯ ಬದಿಗೆ ಲಾರಿಗಳ ಕಮಾನು ಕಟ್ಟುವ ಅಂಗಡಿಯೊಂದರ ಮುಂದೆ ಅಪ್ಪ ಕಾರು ನಿಲ್ಲಿಸಿದರು. ಜೋಳವನ್ನೆಲ್ಲ ಇಳಿಸಿ, ಎರಡೂ ಕಡೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿಸಿ, ಮುಂದಕ್ಕೂ ಪ್ಯಾಕಿಂಗ್ ಕೊಡಿಸಿ, ಜೋಳವನ್ನು ಮತ್ತೆ ಹೇರಿ, ರಾತ್ರಿಯಾದ ಮೇಲೆ ಹೊರಟೆವು.

ಅಲ್ಲಿಂದ ಹದಿನೇಳು ಯುಗಾದಿಗಳು ಆ ಪಟ್ಟಿ ಜೋಳ ಹೊತ್ತಿತು. 1996ರಲ್ಲಿ ಹೊಲ ಮಾರಿದೆವು. ಏಕೆ, ಹೇಗೆ ಎಂಬುದು ಈ ಲೇಖನದ ವಿಷಯವಲ್ಲ, ಊರ ಹೊರಗೆ ಬದುಕುವ ಎಷ್ಟೋ ಮನೆಗಳಲ್ಲಿ ಅದೇ ಕತೆಯಿದೆ. ದೊಡ್ಡಪ್ಪ ತೀರಿಕೊಂಡಾಗ, 1999ರಲ್ಲಿ, ಕೊನೆಯ ಬಾರಿಗೆ ಕಾರಿನಲ್ಲಿ ಹೋದದ್ದು. ಆಮೇಲೆಲ್ಲ ರೈಲು, ಬಸ್ಸು. ಅಂದರೆ ಕಳೆದ ಇಪ್ಪತ್ತೈದು ವರ್ಷಗಳಿಂದ ಈ ಕಾರು ಬರಲಾರದ ಹೊರೆಗೆ ಬೆನ್ನು ಎತ್ತಿ ನಿಂತಿತ್ತು. ಬಾಲ ಸ್ವಲ್ಪ ಮೇಲೆದ್ದ ಅದರ ನಿಲುವನ್ನೇ ನಾವು ಕಾರಿನ ಸಹಜ ರೂಪವೆಂದು ಫೋಟೋಗಳಲ್ಲಿ ನೋಡುತ್ತ ಬಂದಿದ್ದೆವು. ಹುಡುಗನೆದುರು ನಾವು ಮೂಲರೂಪ, ಮೂಲರೂಪ ಎಂದು ವಾದಿಸಿದಾಗಲೆಲ್ಲ ಅಪ್ಪ ಮೀಸೆಯಡಿ ನಕ್ಕದ್ದು ಏಕೆಂದು ಈಗ ತಿಳಿಯಿತು.

ಆ ಪಟ್ಟಿಯನ್ನು ಏನು ಮಾಡುವುದೆಂಬ ಪ್ರಶ್ನೆಯಲ್ಲಿ ಪಕ್ಷಗಳು ಅದಲು ಬದಲಾದವು. ಕಾರ್ಖಾನೆಯ ರೂಪವೇ ಶ್ರೇಷ್ಠವೆನ್ನುತ್ತಿದ್ದ ನಾವು, ಅಪ್ಪ ಹಾಕಿಸಿದ್ದು ಇರಲಿ ಎಂದೆವು. ತಗ್ಗಿಸಬೇಕೆಂದು ಆರು ತಿಂಗಳಿಂದ ಹಟ ಹಿಡಿದ ಹುಡುಗ, ಕತೆ ಕೇಳಿದ ಮೇಲೆ, "ಬ್ಯಾಡ ಅಜ್ಜಾ, ಹಂಗ ಇರ್‍ಲಿ" ಎಂದ. ಅವನ ದನಿ ಸಣ್ಣದಾಗಿತ್ತು. ಅಪ್ಪನಿಗೆ ಮಾತ್ರ ಈ ಭಾವುಕತೆ ಹಿಡಿಸಲಿಲ್ಲ.

"ಜ್ವಾಳನ ಇಲ್ಲ, ಪಾಟಾ ಯಾಕ? ಖಾಲಿ ಗಾಡಿಗೆ ಆ ಪಾಟಾ ಇದ್ರ ಬರೇ ಎತ್ತಿ ಎತ್ತಿ ಒಗಿತೈತಿ. ನನ್ನ ಬೆನ್ನ ಕೇಳ್ರಿ. ತಗದ್ ಹಾಕ್ರಿ."

ಇಪ್ಪತ್ತೈದು ವರ್ಷ ಯಾಕೆ ತೆಗೆಸಲಿಲ್ಲ ಎಂದು ನಾವು ಕೇಳಲಿಲ್ಲ. ಅಪ್ಪ ಹೇಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, ಯಾರನ್ನೂ ಉದ್ದೇಶಿಸದೆ, "ಹೊಲಾ ಇದ್ದಾಗಿನ ಮಾತು ಅದು" ಎಂದಷ್ಟೇ ಅಂದು ಕನ್ನಡಕ ಒರೆಸಿಕೊಂಡರು.

ಪಟ್ಟಿ ತೆಗೆದದ್ದು ಡಿಸೆಂಬರಿನಲ್ಲಿ. ಹಳೆಯ ಫಿಯೆಟ್ಟುಗಳಲ್ಲೇ ಕೈ ಪಳಗಿದ ಒಬ್ಬ ವಯಸ್ಸಾದ ಮೆಕ್ಯಾನಿಕ್, ಕಾರನ್ನು ಎತ್ತಿ, ಕಮಾನು ಬಿಚ್ಚಿ, ಪಟ್ಟಿಗಳನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ಗ್ರೀಸು ಹಚ್ಚಿ ಮತ್ತೆ ಕಟ್ಟಿದ. ಹಿಂಭಾಗ ಒಂದೂಕಾಲು ಇಂಚು ಇಳಿಯಿತು. ಮುಂದಿನ ಪ್ಯಾಕಿಂಗ್ ತೆಗೆದರೆ ಅರ್ಧ ಇಂಚು. ಹುಡುಗನಿಗೂ ಒಂದು ಪಾಲು ಸಲ್ಲಬೇಕೆಂದು ಅಪ್ಪನೇ ತೀರ್ಪು ಕೊಟ್ಟರು: ಏನನ್ನೂ ಕತ್ತರಿಸಬಾರದು, ಕಾಯಿಸಬಾರದು, ಹಾಕಿದ್ದು ನಾಳೆ ಬಿಚ್ಚಿದರೆ ಕಾರು ಮೊದಲಿನಂತಾಗಬೇಕು. ಅವನು ಭೋಸರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಮುಂಭಾಗಕ್ಕೆ ಹೊಸ ಸುರುಳಿಗಳನ್ನು ಮಾಡಿಸಿದ. ಕಾರನ್ನು ಒಂದು ಇಂಚು ಕೆಳಗೆ ಕೂರಿಸುವಷ್ಟು ಗಿಡ್ಡ, ತಂತಿ ಕೂದಲೆಳೆಯಷ್ಟು ದಪ್ಪ. ಚಕ್ರದ ವಾಲು ಲೆಕ್ಕ ಹಾಕಿ ಸರಿಪಡಿಸಿದ. ಹಳೆಯ ಸುರುಳಿಗಳು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಅಟ್ಟದ ಮೇಲಿವೆ.

ಈಗ ಕಾರು ಮುಂದೆ ಒಟ್ಟು ಒಂದೂವರೆ ಇಂಚು, ಹಿಂದೆ ಒಂದೂಕಾಲು ಇಂಚು ತಗ್ಗಿದೆ. ಕ್ಯಾಲಿಫೋರ್ನಿಯಾದವರು ನೋಡಿದರೆ ಇದನ್ನು ತಗ್ಗಿಸಿದ್ದೇವೆಂದು ಕೂಡ ಒಪ್ಪಲಿಕ್ಕಿಲ್ಲ. ಹುಡುಗ ಮಾತ್ರ ಸಂಜೆ ಕೆಲಸದಿಂದ ಬಂದು, ಗೇಟಿನ ಬಳಿ ಒಂದು ಮೊಣಕಾಲೂರಿ, ಕಣ್ಣು ಕಿರಿದುಮಾಡಿ ಅದರ ಮೂಗು ಕೆಳಗಾಗಿರುವುದನ್ನು ನೋಡುತ್ತಾನೆ. ಅವನು ತೋರಿಸಿದ ಮೇಲೆ ನಮಗೂ ಕಾಣುತ್ತದೆ. ಮಾಸಿದ ನೀಲಿಯ ಆ ಮುದಿ ಕಾರಿಗೆ ಸ್ವಲ್ಪ ತುಂಟತನ ಬಂದಿದೆ, ಸುಳ್ಳು ಹೇಳಲಾಗದು. ಕಾಲೊನಿಯ ಗೇಟಿನ ಸ್ಪೀಡ್ ಬ್ರೇಕರ್ ಎಂಬ ಗುಡ್ಡವನ್ನು ಓರೆಯಾಗಿ ದಾಟಬೇಕು, ಅಷ್ಟೇ.

ಅಪ್ಪನ ಮಂಡಿಯ ಸಮಸ್ಯೆಯನ್ನು ಬಗೆಹರಿಸಿದವಳು ಅವ್ವ. ನವಲಗುಂದದ ಜಮಖಾನವೊಂದು ನಮ್ಮಲ್ಲಿತ್ತು, ಅವಳ ಮದುವೆಯದು. ಅದನ್ನು ಬಿಗಿಯಾಗಿ ಮಡಿಸಿ ಮುಂದಿನ ಸೀಟಿನ ಮೇಲೆ ಹಾಕಿದಳು. ಹುಡುಗ ಅಳತೆಪಟ್ಟಿ ತಂದು ನೋಡಿದ. ಒಂದೂವರೆ ಇಂಚಿಗೆ ಒಂದು ನೂಲೂ ಹೆಚ್ಚುಕಡಿಮೆಯಿಲ್ಲ. ಅಪ್ಪ ಮೊದಲಿನಂತೆಯೇ ಅಡ್ಡ ಕುಳಿತು, ಒಂದೊಂದೇ ಕಾಲನ್ನು ಒಳಗೆ ತಂದುಕೊಂಡು, ಬಾಗಿಲು ಎಳೆದುಕೊಳ್ಳುತ್ತಾರೆ.

ತೆಗೆದ ಎರಡು ಪಟ್ಟಿಗಳಲ್ಲಿ ಒಂದನ್ನು ಹುಡುಗ ತನ್ನ ಕೋಣೆಯಲ್ಲಿಟ್ಟುಕೊಂಡಿದ್ದಾನೆ. ಇನ್ನೊಂದಕ್ಕೆ ಅವ್ವನ ಕಣ್ಣು ಬಿತ್ತು. ಗಾಡಿಯ ಪಾಟಾದ ಉಕ್ಕಿನಷ್ಟು ಹರಿತ ನಿಲ್ಲುವ ಉಕ್ಕು ಇಲ್ಲವೆಂಬುದು ಊರಕಡೆಯ ಹೆಂಗಸರಿಗೆಲ್ಲ ಗೊತ್ತು. ಕುಡಗೋಲು, ಕೊಡಲಿ, ಈಳಿಗೆ ಎಲ್ಲ ಅದರಿಂದಲೇ ಆಗುತ್ತಿದ್ದುದು. ಪುಣೆಯ ರಸ್ತೆಯಂಚಿನಲ್ಲಿ ಬಿಡಾರ ಹೂಡಿ ಕುಲುಮೆ ಊದುವ ಘಿಸಾಡಿ ಕಮ್ಮಾರರ ಬಳಿಗೆ ಅದನ್ನು ಒಯ್ದೆವು. ಗಂಡ ಇಕ್ಕಳದಿಂದ ಹಿಡಿದ, ಹೆಂಡತಿ ಸುತ್ತಿಗೆ ಬೀಸಿದಳು. ಒಂದು ಈಳಿಗೆಯ ಅಲಗು, ಒಂದು ಕುಡಗೋಲು ಆಯಿತು. ಈಳಿಗೆಯಲ್ಲಿ ಅವ್ವ ದಿನವೂ ಹೆಚ್ಚುತ್ತಾಳೆ. ಕುಡಗೋಲಿನಿಂದ ಪುಣೆಯ ಮೂರನೆಯ ಮಹಡಿಯಲ್ಲಿ ಏನು ಕೊಯ್ಯುವುದೆಂದು ಯಾರೂ ಕೇಳಿಲ್ಲ. ಅದು ಬಾಗಿಲ ಹಿಂದೆ ಮೊಳೆಗೆ ತೂಗಿದೆ.

ಮೊನ್ನೆ ಹುಡುಗ ಕೇಳಿದ, ಈ ಎತ್ತರದಲ್ಲಿ ಗಾಡಿ ಊರಿನ ದಾರಿಯಲ್ಲಿ ಹೋದೀತೇ ಎಂದು. ಅವನು ಆ ಊರನ್ನು ಕಂಡಿಲ್ಲ. ಅವನ ಕಲ್ಪನೆಯಲ್ಲಿ ಇನ್ನೂ ಆ ಎರಡು ಕಾಲುವೆಗಳೂ ನಡುವಿನ ದಿಣ್ಣೆಯೂ ಇವೆ.

"ಯಾವ ದಿಣ್ಣಿ?" ಎಂದರು ಅಪ್ಪ. "ಡಾಂಬರ ಆಗಿ ಹತ್ತ ವರ್ಷ ಆತು. ಈಗ ನಿನ್ನ ಗಾಡಿ ನೆಲಾ ನೆಕ್ಕೋತ ಹೋದ್ರೂ ಹೋಗತೈತಿ."

ಯುಗಾದಿಗೆ ಹೋಗುವುದೆಂದು ಸದ್ಯಕ್ಕೆ ಮಾತಾಗಿದೆ. ಹುಡುಗ ರೇಡಿಯೇಟರನ್ನು ತೊಳೆಸಬೇಕೆನ್ನುತ್ತಿದ್ದಾನೆ. ಟಯರು ಹೊಸದು ಬೇಕು, 5.20-14 ಅಳತೆಯದು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಮರಳುವಾಗ ಒಂದು ಚೀಲ ಜೋಳ ತರಬಹುದೇ ಎಂಬುದರ ಬಗ್ಗೆ ಪಟ್ಟಿ ತೆಗೆದ ಮೆಕ್ಯಾನಿಕ್ಕನನ್ನು ಕೇಳಿದ್ದೇವೆ. ಅರ್ಧ ಚೀಲ ತನ್ನಿ ಎಂದಿದ್ದಾನೆ. ಅವ್ವ ತಾನು ರೈಲಿಗೆ ಬರುವುದಾಗಿ ಈಗಲೇ ಹೇಳಿಬಿಟ್ಟಿದ್ದಾಳೆ, ಜಮಖಾನವನ್ನು ಮಾತ್ರ ಕಾರಿನಲ್ಲಿಯೇ ಕಳಿಸುತ್ತಾಳಂತೆ.